ತೂಕದ ಚೀಟಿಯಿಂದ ಮಾರಾಟದ ಪಟ್ಟಿಯವರೆಗೆ



ಕಳೆದ ಸರ್ವ ಸದಸ್ಯರ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. “ಹಾಲಿನ ಡೈರಿಯಲ್ಲಿ ಅರ್ಧ ಲೀಟರ್ ಹಾಲಿಗೂ ಯಂತ್ರದ ಚೀಟಿ ಕೊಡುತ್ತಾರೆ. ಸಾವಿರಾರು ರೂಪಾಯಿ ಬಾಳುವ ಅಡಿಕೆ ಚೀಲಕ್ಕೆ ನೀವು ಕಾರ್ಬನ್ ಹಾಳೆ ಇಟ್ಟು ಗೀಚಿದ ಚೀಟಿ ಕೊಡುತ್ತೀರಿ. ಇದು ಯಾವ ನ್ಯಾಯ?” ಸಭೆಯಲ್ಲಿ ನಗು ಎದ್ದಿತು. ವೇದಿಕೆಯ ಮೇಲಿದ್ದ ನಾವೂ ನಕ್ಕೆವು. ಆದರೆ ಆ ಹೊತ್ತಿನಲ್ಲಿ ಕೊಡಲು ನಮ್ಮ ಬಳಿ ಸಮಾಧಾನಕರ ಉತ್ತರವಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸಿದ್ದೇವೆ.

ಈ ಪತ್ರಿಕೆಯ ಓದುಗರಲ್ಲಿ ಮಲೆನಾಡಿನ ಕಾಫಿ ಬೆಳೆಗಾರರಿದ್ದಾರೆ. ನಮ್ಮಂತೆ ಬೂಕನಕೆರೆ ಕಡೆಯ ಬಯಲುಸೀಮೆಯಲ್ಲಿ ನಾಲೆಯ ನೀರು, ಕೊಳವೆ ಬಾವಿಯ ನೀರು ನಂಬಿ ತೆಂಗಿನ ಸಾಲಿನ ನಡುವೆ ಅಡಿಕೆ ಹಾಕಿದವರೂ ಇದ್ದಾರೆ. ಬೆಳೆ ಬೇರೆಯಾದರೂ ಲೆಕ್ಕದ ಕಷ್ಟ ಎಲ್ಲರಿಗೂ ಒಂದೇ.

ಒಂದು ಚೀಲದ ಕಥೆ

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯ ಸದಸ್ಯರು ಸುಗ್ಗಿಯಲ್ಲಿ ಏಳು ಚೀಲ ಅಡಿಕೆ ತಂದರು. ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಆರು ಚೀಲ ಬಂತು. ಉಳಿದ ಒಂದನ್ನು ಸಂಜೆ ಅವರ ಮಗ ಬೈಕಿನ ಮೇಲೆ ಇಟ್ಟುಕೊಂಡು ಬಂದ. ಎರಡಕ್ಕೂ ಬೇರೆ ಬೇರೆ ಚೀಟಿ ಆಯಿತು. ಎರಡು ತಿಂಗಳ ಮೇಲೆ ಮಾರಾಟದ ಪಟ್ಟಿ ಕೈಗೆ ಬಂದಾಗ ಅದರಲ್ಲಿ ಆರೇ ಚೀಲ. ಸಂಜೆಯ ಚೀಟಿ ಅವರ ಮನೆಯ ಗೋಡೆಗೂಡಿನಲ್ಲಿ ಮಳೆಗೆ ನೆಂದು ಅಕ್ಷರ ಅಳಿಸಿಹೋಗಿತ್ತು. ನಾವು ಖತಾವಣಿ ತೆಗೆದು ತೋರಿಸಿದೆವು. “ನೋಡಿ, ಆರು ಚೀಲವೇ ಇದೆ, ನಿಮಗೇ ಲೆಕ್ಕ ತಪ್ಪಿರಬೇಕು” ಎಂದೆವು. ಕಚೇರಿಯಲ್ಲಿ ಆಗ ಹತ್ತು ಜನರಿದ್ದರು. ಅವರು ಮರುಮಾತಾಡದೆ ಎದ್ದು ಹೋದರು. ಮುಂದಿನ ವರ್ಷದಿಂದ ಅವರ ತೋಟದ ಫಸಲು ಹಸಿಕಾಯಿಯಲ್ಲೇ ಚೇಣಿದಾರನ ಪಾಲಾಯಿತು.

ವರ್ಷವೊಂದು ಕಳೆದ ಮೇಲೆ ಇನ್ನೊಬ್ಬ ಸದಸ್ಯರು ಸಾಲಕ್ಕೆ ಅರ್ಜಿ ಹಾಕಿದರು. ಅವರ ಖಾತೆ ಪರಿಶೀಲಿಸುವಾಗ, ಅವರು ಸಂಘಕ್ಕೆ ಬಾರದ ದಿನ ಅವರ ಹೆಸರಿನಲ್ಲಿ ಒಂದು ಚೀಲ ಜಮೆಯಾಗಿರುವುದು ಕಂಡಿತು. ಇಬ್ಬರ ಹೆಸರೂ ಒಂದೇ, ತಂದೆಯ ಹೆಸರೂ ಒಂದೇ, ಊರು ಮಾತ್ರ ಪಕ್ಕಪಕ್ಕ. ನಮ್ಮ ಸೀಮೆಯಲ್ಲಿ ಒಂದೇ ಊರಿನಲ್ಲಿ ನಾಲ್ಕು ಜನ ನಿಂಗೇಗೌಡರು, ಐದು ಜನ ಜವರೇಗೌಡರು ಇರುವುದು ಯಾರಿಗೆ ತಿಳಿಯದು? ಸಂಜೆಗತ್ತಲಲ್ಲಿ ಚೀಟಿಯಿಂದ ವಹಿಗೆ ಏರಿಸುವಾಗ ಪುಟ ತಪ್ಪಿತ್ತು. ಹಣ ತೆಗೆದುಕೊಂಡು ನಾವೇ ಅವರ ಮನೆಗೆ ಹೋದೆವು. ಅವರು ಹಣ ಎಣಿಸಲಿಲ್ಲ. “ದುಡ್ಡು ಹೋದ್ರೆ ಹೋಗ್ಲಿ ಸ್ವಾಮಿ, ಹತ್ತು ಜನದ ಮುಂದೆ ನಂಗೆ ಲೆಕ್ಕ ಬರಲ್ಲ ಅಂದ್ರಲ್ಲ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಇಲ್ಲಿ ಕಳ್ಳತನ ನಡೆದಿರಲಿಲ್ಲ. ಗುಮಾಸ್ತರು ಪ್ರಾಮಾಣಿಕರು, ತಕ್ಕಡಿ ಸರಿಯಾಗಿತ್ತು, ಹಮಾಲರು ನಂಬಿಕಸ್ಥರು. ತಪ್ಪಿದ್ದುದು ನಮ್ಮ ಪದ್ಧತಿಯಲ್ಲಿ.

ಎಂಟು ಕಡೆ ಬರೆಯುವ ಒಂದೇ ಸಂಗತಿ

ಒಂದು ಚೀಲ ಸಂಘದ ಬಾಗಿಲು ದಾಟಿದ ಮೇಲೆ ಅದರ ವಿವರವನ್ನು ಎಷ್ಟು ಕಡೆ ಬರೆಯುತ್ತೇವೆಂದು ಒಂದು ದಿನ ಕುಳಿತು ಎಣಿಸಿದೆವು. ಮೊದಲು ತೂಕದ ಚೀಟಿ. ಎರಡನೆಯದು ಆವಕದ ವಹಿ. ಮೂರನೆಯದು ದರ್ಜೆ ನೋಡುವವರ ಪುಸ್ತಕ: ರಾಶಿ ಇಡಿಯೋ, ಬೆಟ್ಟೆಯೋ, ಗೊರಬಲೋ ಎಂದು ಬರೆಯುವುದು ಅಲ್ಲಿ. ನಾಲ್ಕನೆಯದು ಗೋದಾಮಿನ ದಾಸ್ತಾನು ವಹಿ. ಐದನೆಯದು ಮಾರಾಟದ ಪಟ್ಟಿ. ಆರನೆಯದು ಸದಸ್ಯರ ಖತಾವಣಿ. ಏಳನೆಯದು ಲಾರಿಯ ಸಾಗಣೆ ಪತ್ರ. ಎಂಟನೆಯದು ಬ್ಯಾಂಕಿಗೆ ಕಳಿಸುವ ಪಾವತಿಯ ಯಾದಿ.

ಪ್ರತಿಯೊಂದು ಕಡೆಯೂ ಹೆಸರು, ದಿನಾಂಕ, ತೂಕ, ದರ್ಜೆ ಎಂಬ ನಾಲ್ಕು ಸಂಗತಿಗಳನ್ನು ಬರೆಯಬೇಕು. ಅಂದರೆ ಒಂದು ಚೀಲಕ್ಕೆ ಮೂವತ್ತೆರಡು ಸಲ ಲೇಖನಿ ಓಡಬೇಕು. ಸುಗ್ಗಿಯಲ್ಲಿ ಎರಡು ಸಾವಿರ ಚೀಲ ಬರುತ್ತದೆಂದು ಇಟ್ಟುಕೊಳ್ಳೋಣ. ಒಟ್ಟು 64,000 ಸಲ ಬರೆದಂತಾಯಿತು. ಸಾವಿರ ಸಲಕ್ಕೆ ಒಂದೇ ಒಂದು ತಪ್ಪು ಮಾಡುವ ಗುಮಾಸ್ತರು ಸಿಕ್ಕರೆ ಅವರನ್ನು ನಾವು ಬಹಳ ಎಚ್ಚರದವರೆಂದೇ ಹೊಗಳುತ್ತೇವೆ. ಅಂಥವರ ಕೈಯಲ್ಲೂ ವರ್ಷಕ್ಕೆ 64 ತಪ್ಪು ಉಳಿಯುತ್ತವೆ.

ಹಳೆಯ ಲೆಕ್ಕಿಗರಿಗೆ ಒಂದು ಉಪಾಯ ಗೊತ್ತಿತ್ತು. ಜಮೆ ಖರ್ಚು ತಾಳೆಯಾಗದೆ ಉಳಿದ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆಯೆಂದು ಅವರು ತಿಳಿಯುತ್ತಿದ್ದರು. 65 ಬರೆಯುವಲ್ಲಿ 56 ಬರೆದರೆ ವ್ಯತ್ಯಾಸ 9. 82 ಬರೆಯುವಲ್ಲಿ 28 ಬರೆದರೆ ವ್ಯತ್ಯಾಸ 54. ಇದು ಇಂದಿಗೂ ಉಪಯುಕ್ತ ಉಪಾಯವೇ. ಆದರೆ ತಪ್ಪು ಆದ ಮೇಲೆ ಹುಡುಕುವುದಕ್ಕಷ್ಟೇ ಇದು ನೆರವಾಗುತ್ತದೆ. ಹುಡುಕುವ ಶ್ರಮವೇ ಬೇಡದಂತೆ, ಒಮ್ಮೆ ಬರೆದದ್ದನ್ನು ಮತ್ತೆ ಬರೆಯದಂಥ ವ್ಯವಸ್ಥೆ ಮಾಡಿಕೊಳ್ಳುವುದು ಅದಕ್ಕಿಂತ ಮೇಲು. ದಿನನಿತ್ಯದ ಕೆಲಸಗಳನ್ನು ಗಣಕಯಂತ್ರಕ್ಕೆ ಒಪ್ಪಿಸುವುದೆಂದರೆ ಮುಖ್ಯವಾಗಿ ಇದೇ. ಮೊದಲ ತೂಕವನ್ನು ಒಂದು ಸಲ ಸರಿಯಾಗಿ ದಾಖಲಿಸಿದರೆ ಉಳಿದ ಏಳು ಕಡೆಗೆ ಅದು ತಾನಾಗಿ ಹೋಗುತ್ತದೆ.

ಸಣ್ಣ ತಪ್ಪಿಗೆ ತೆರುವ ಬೆಲೆ

“ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಏರ್ಪಾಡೇ?” ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಅಡಿಕೆಗೆ ಕ್ವಿಂಟಲಿಗೆ 45,000 ರೂಪಾಯಿ ಎಂದು ಉದಾಹರಣೆಗೆ ಹಿಡಿಯೋಣ. 65 ಕಿಲೋ ಎಂಬಲ್ಲಿ 56 ಬಿದ್ದರೆ ಬೆಳೆಗಾರನಿಗೆ ಒಂದು ಚೀಲದಲ್ಲಿ 4,050 ರೂಪಾಯಿ ನಷ್ಟ.

ಗೋಣಿಚೀಲದ ತೂಕ ಕಳೆಯುವಾಗ ಅರ್ಧ ಕಿಲೋ ಹೆಚ್ಚು ಕಳೆಯುವ ರೂಢಿಯಿದೆ ಎನ್ನೋಣ. ಇನ್ನೂರು ಚೀಲಕ್ಕೆ ಒಂದು ಕ್ವಿಂಟಲ್, ಅಂದರೆ 45,000 ರೂಪಾಯಿ ಸದಸ್ಯರ ಕೈ ತಪ್ಪಿತು. ಇದನ್ನು ಯಾರೂ ಕದಿಯಲಿಲ್ಲ, ‘ರೂಢಿ’ ನುಂಗಿತು.

ತೇವಾಂಶದ ಲೆಕ್ಕ ಇನ್ನೂ ಸೂಕ್ಷ್ಮ. ಶೇಕಡಾ 14ರ ತೇವಾಂಶವಿದ್ದ ನೂರು ಕಿಲೋ ಮಾಲು ಗೋದಾಮಿನಲ್ಲಿ ಒಣಗಿ ಶೇಕಡಾ 11ಕ್ಕೆ ಬಂದರೆ ತೂಕ 96.6 ಕಿಲೋಗೆ ಇಳಿಯುತ್ತದೆ. ಹತ್ತು ಕ್ವಿಂಟಲಿಗೆ ಸುಮಾರು 34 ಕಿಲೋ ಕಡಿಮೆ. ಒಳಬರುವಾಗ ತೇವಾಂಶ ಬರೆದಿಡದ ಸಂಘದಲ್ಲಿ ಈ ಕೊರತೆಯನ್ನು ಕಂಡವರು ಗೋದಾಮು ಕಾಯುವವನ ಮೇಲೆ ಸಂಶಯ ಪಡುತ್ತಾರೆ. ಅಂಕಿಯಿದ್ದರೆ ಆ ಬಡಪಾಯಿಯ ಮಾನ ಉಳಿಯುತ್ತದೆ.

ಕಾಫಿಯವರಿಗೆ ಔಟ್‌ಟರ್ನ್‌ನ ವಿಚಾರ ಹೇಳಬೇಕಾಗಿಲ್ಲ. ಐವತ್ತು ಕಿಲೋ ಚೆರಿ ಚೀಲದಲ್ಲಿ 26 ಕಿಲೋ ಬೀಜ ಬರುತ್ತದೋ 27 ಬರುತ್ತದೋ ಎಂಬುದರ ಮೇಲೆ ಹಣ ನಿಂತಿದೆ. ನೂರು ಚೀಲ ಕೊಟ್ಟವರಿಗೆ ಒಂದು ಪಾಯಿಂಟು ತಪ್ಪಿದರೆ ಒಂದು ಕ್ವಿಂಟಲ್ ಬೀಜ ಹೋಯಿತು. ಸ್ಯಾಂಪಲ್ಲಿನ ಪೊಟ್ಟಣದ ಮೇಲೆ ಬರೆದ ನಂಬರು ಅಳಿಸಿ, ಒಬ್ಬರ ಔಟ್‌ಟರ್ನ್ ಇನ್ನೊಬ್ಬರಿಗೆ ಹೋದರೆ ಇಬ್ಬರಿಗೂ ತಿಳಿಯುವುದೇ ಇಲ್ಲ.

ಡೈರಿ ಕಲಿಸಿದ ಪಾಠ

ಸಭೆಯಲ್ಲಿ ಆ ಸದಸ್ಯರು ಹೇಳಿದ್ದು ಮನಸ್ಸಿನಲ್ಲಿ ಉಳಿದು, ಬೂಕನಕೆರೆ ಹೋಬಳಿಯ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಬೆಳಗಿನ ಆರೂವರೆಗೆ ಹೋಗಿ ನಿಂತೆವು. ಹೆಂಗಸರೇ ಹೆಚ್ಚು. ಕ್ಯಾನು, ಉಗ್ಗ, ಸ್ಟೀಲ್ ಡಬ್ಬಿ ಹಿಡಿದು ಸಾಲು. “ನಂಬರ್ ಹೇಳವ್ವ” ಎಂದ ಹುಡುಗ. “ನೂರಾ ಹದಿನಾಲ್ಕು ಕಣಪ್ಪ” ಎಂದರು ಆಕೆ. ಹೆಸರನ್ನು ಯಾರೂ ಕೇಳಲಿಲ್ಲ. ಹಾಲು ಸುರಿದರು, ತೂಕ ತಾನಾಗಿ ಮೂಡಿತು. ಚೂರು ಹಾಲು ಪರೀಕ್ಷೆಯ ಯಂತ್ರಕ್ಕೆ ಹೋಯಿತು, ಜಿಡ್ಡಿನ ಅಂಶ ಮೂಡಿತು. ದರ ಲೆಕ್ಕವಾಗಿ ಚೀಟಿ ಹೊರಬಂತು. ಒಬ್ಬರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. “ಮೊದ್ಲು ಜಗಳ ಇಲ್ದೆ ಒಂದ್ ದಿನ ಡೈರಿ ಬಾಗ್ಲು ಹಾಕ್ತಿರ್ನಿಲ್ಲ. ಈಗ ಯಾರ ಮೇಲೆ ಜಗಳ ಆಡ್ಲಿ, ಯಂತ್ರದ ಮೇಲಾ?” ಎಂದು ಸಾಲಿನಲ್ಲಿದ್ದ ಹಿರಿಯಾಕೆ ನಕ್ಕರು.

ಹಿಂದೆ ಗರ್ಬರ್ ವಿಧಾನದಲ್ಲಿ ಗಾಜಿನ ಕೊಳವೆಗೆ ಗಂಧಕಾಮ್ಲ ಹಾಕಿ, ತಿರುಗಿಸಿ, ಜಿಡ್ಡಿನ ಗೆರೆಯನ್ನು ಕಣ್ಣಳತೆಯಲ್ಲಿ ಓದಿ, ಕೈಯಲ್ಲಿ ಬರೆದು, ಹದಿನೈದು ದಿನಕ್ಕೊಮ್ಮೆ ಲೆಕ್ಕ ಕೂಡುತ್ತಿದ್ದರು. ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಸ್ವಯಂಚಾಲಿತ ಹಾಲು ಸಂಗ್ರಹಣಾ ಘಟಕಗಳು ಬಂದವು. ಅದೇ ಪದ್ಧತಿ ಮುಂದೆ ನಮ್ಮ ಹಳ್ಳಿಗಳಿಗೂ ಮುಟ್ಟಿತು. ಇದರ ಫಲ ಚೀಟಿಗಷ್ಟೇ ನಿಲ್ಲಲಿಲ್ಲ. ಬೂಕನಕೆರೆಯಲ್ಲೇ ಹುಟ್ಟಿದ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದ 2008ರಲ್ಲಿ ಹಾಲು ಉತ್ಪಾದಕರಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭವಾಯಿತು. ಮುಂದೆ ಬಂದ ಸರ್ಕಾರಗಳು ಅದನ್ನು ಹೆಚ್ಚಿಸಿದವು. ಯಾರು ಎಷ್ಟು ಲೀಟರು ಹಾಕಿದರೆಂಬ ಸ್ಪಷ್ಟ ಲೆಕ್ಕವಿದ್ದರೆ ಮಾತ್ರ ಇಂಥ ಹಣ ನಿಜವಾದ ಉತ್ಪಾದಕರ ಖಾತೆಗೆ ನೇರವಾಗಿ ತಲುಪಲು ಸಾಧ್ಯ.

ಡೈರಿಯಿಂದ ನಾವು ಕಲಿತದ್ದು ಮೂರು ಸಂಗತಿ. ಒಂದು, ಹೆಸರಿನ ಬದಲು ಸಂಖ್ಯೆ. ಎರಡು, ತಕ್ಕಡಿಯ ಅಂಕಿಯನ್ನು ಮನುಷ್ಯ ಬರೆಯದಿರುವುದು. ಮೂರು, ಸದಸ್ಯ ಅಲ್ಲಿಂದ ಕದಲುವ ಮುಂಚೆಯೇ ಅವನ ಕೈಗೆ ಲೆಕ್ಕ ಕೊಡುವುದು. ಈ ಮೂರರಲ್ಲಿ ಮೊದಲನೆಯದೊಂದಿದ್ದರೂ ನಮ್ಮ ಹಿರಿಯ ಸದಸ್ಯರ ಏಳನೆಯ ಚೀಲ ತಪ್ಪುತ್ತಿರಲಿಲ್ಲ. ಅದಕ್ಕೆ ಯಂತ್ರವೂ ಬೇಕಿರಲಿಲ್ಲ.

ಮಾರುಕಟ್ಟೆಯ ಪ್ರಾಂಗಣದಲ್ಲಿ

ಮಾರುಕಟ್ಟೆಯ ಮಟ್ಟದಲ್ಲಿ ಇದೇ ಕೆಲಸವನ್ನು ನಮ್ಮ ರಾಜ್ಯವೇ ದೇಶಕ್ಕೆ ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. 2013ರ ಕೃಷಿ ಮಾರುಕಟ್ಟೆ ನೀತಿಯ ಮೇಲೆ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. ಅದನ್ನು ನಡೆಸಲು ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಸಂಸ್ಥೆ ಹುಟ್ಟಿತು. ರಾಜ್ಯದ ನೂರೈವತ್ತಕ್ಕೂ ಹೆಚ್ಚು ಮಾರುಕಟ್ಟೆಗಳು ಅದರಲ್ಲಿ ಸೇರಿದವು.

ಅಲ್ಲಿನ ಕ್ರಮ ಹೀಗೆ. ಬಾಗಿಲಲ್ಲೇ ಮಾಲಿಗೆ ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕರು ಗಣಕಯಂತ್ರದಲ್ಲಿ ತಮ್ಮ ದರ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣಿಸದು. ನಿಗದಿತ ವೇಳೆ ಮುಗಿದೊಡನೆ ಅತಿ ಹೆಚ್ಚಿನ ದರ ಹೊರಬೀಳುತ್ತದೆ. ಒಪ್ಪುವುದು ಬಿಡುವುದು ರೈತನ ಇಷ್ಟ. ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಕಾಲ ಕಂಡ ಹಿರಿಯರಿಗೆ ಇದೆಷ್ಟು ದೊಡ್ಡ ಬದಲಾವಣೆಯೆಂದು ಗೊತ್ತು.

ಇದರಿಂದ ಬೆಲೆ ಏರಿತೇ? 2020ರಲ್ಲಿ ಪ್ರಕಟವಾದ, ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿದ್ವಾಂಸರೂ ಸೇರಿ ನಡೆಸಿದ ಅಧ್ಯಯನವೊಂದು ಈ ವೇದಿಕೆಯಿಂದ ಭತ್ತದ ಬೆಲೆ ಶೇಕಡಾ 5.1, ನೆಲಗಡಲೆಯದು 3.6, ಮುಸುಕಿನ ಜೋಳದ್ದು 3.5ರಷ್ಟು ಹೆಚ್ಚಿತೆಂದು ತೋರಿಸಿದೆ. ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯ ಪರಿಣಾಮ ಕಾಣಲಿಲ್ಲ. ಈ ಅಂಕಿಗಳು ಅಡಿಕೆಗೂ ಅನ್ವಯಿಸುತ್ತವೆಂದು ನಾವು ಹೇಳುವುದಿಲ್ಲ. ಒಂದೇ ಯಂತ್ರ ಕೆಲವು ಬೆಳೆಗೆ ಲಾಭ ತಂದು ಕೆಲವಕ್ಕೆ ತರದಿರುವುದನ್ನು ಮಾತ್ರ ಗಮನಿಸಬೇಕು. ದೂರದಲ್ಲಿ ಕುಳಿತ ವರ್ತಕ ಕಾಣದ ಮಾಲಿಗೆ ಧೈರ್ಯದಿಂದ ದರ ಹಾಕಬೇಕಾದರೆ ದರ್ಜೆಯ ಮೇಲೆ ಅವನಿಗೆ ನಂಬಿಕೆ ಬೇಕು. ಅಡಿಕೆಯ ದರ್ಜೆ ಇಂದಿಗೂ ಕಣ್ಣು ಕೈಗಳ ಕಸುಬು. ಆದುದರಿಂದ ಗಣಕಯಂತ್ರ ತಂದು ದರ್ಜೆ ನೋಡುವವರನ್ನು ತರಬೇತು ಮಾಡದಿದ್ದರೆ ಅರ್ಧ ಕೆಲಸವಷ್ಟೇ ಮಾಡಿದಂತೆ.

ಲಾರಿ ಹೊರಟ ಮೇಲೆ

ಸಾಗಣೆಯ ಕಾಗದದಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂದಿದೆ. ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಮಾಲಿನ ಮೌಲ್ಯ 50,000 ರೂಪಾಯಿ ದಾಟಿದರೆ ಬಿಲ್ ಬೇಕೆಂಬುದು ಸಾಮಾನ್ಯ ನಿಯಮ. ಇಂದಿನ ದರದಲ್ಲಿ ಒಣ ಅಡಿಕೆಯ ಎರಡು ಚೀಲವೇ ಆ ಗಡಿಗೆ ಬಂದು ನಿಲ್ಲುತ್ತದೆ. ಒಂದು ದಿನದ ಅವಧಿಗೆ 200 ಕಿಲೋಮೀಟರ್ ಎಂದು 2021ರ ಜನವರಿಯಿಂದ ಲೆಕ್ಕ. ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಅವಧಿ ವಿಸ್ತರಿಸಿಕೊಳ್ಳಬೇಕು, ಬೇರೆ ಲಾರಿಗೆ ಮಾಲು ಹಾಕಿದರೆ ಹೊಸ ವಾಹನದ ಸಂಖ್ಯೆ ಸೇರಿಸಬೇಕು.

ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. ವಾಹನ ಸಂಖ್ಯೆಯಲ್ಲಿ ಒಂದೆರಡು ಅಂಕಿ ತಪ್ಪಿದಂಥ ಸಣ್ಣ ದೋಷಗಳಿಗೆ ಮಾಲನ್ನೇ ಹಿಡಿದಿಟ್ಟು ಭಾರಿ ದಂಡ ಹಾಕಬಾರದು, ಕೇಂದ್ರ ಮತ್ತು ರಾಜ್ಯ ಜಿ.ಎಸ್.ಟಿ. ಎರಡಕ್ಕೂ ತಲಾ 500 ರೂಪಾಯಿಯಂತೆ ಹಾಕಬಹುದು ಎಂದು 2018ರ ಸೆಪ್ಟೆಂಬರ್ 14ರ ಸುತ್ತೋಲೆ ಹೇಳುತ್ತದೆ. ಸಂಘದ ಚಾಲಕರ ಕೈಯಲ್ಲಿ ಇದರ ಪ್ರತಿಯೊಂದಿರುವುದು ಒಳ್ಳೆಯದು. ಆದರೆ ಬಿಲ್ಲೇ ಇಲ್ಲದಿದ್ದರೆ, ತೂಕ ಮೌಲ್ಯಗಳು ತಾಳೆಯಾಗದಿದ್ದರೆ ಸುತ್ತೋಲೆ ಕಾಪಾಡದು. ದಾಸ್ತಾನು ವಹಿಯಿಂದಲೇ ನೇರವಾಗಿ ಇನ್‌ವಾಯ್ಸ್, ಇನ್‌ವಾಯ್ಸಿನಿಂದಲೇ ಇ-ವೇ ಬಿಲ್ ತಯಾರಾಗುವಂತೆ ಮಾಡಿಕೊಂಡರೆ ಮೂರರಲ್ಲೂ ಅಂಕಿ ಒಂದೇ ಇರುತ್ತದೆ. ವರ್ಷದ ವಹಿವಾಟು 5 ಕೋಟಿ ದಾಟಿದ ಸಂಸ್ಥೆಗಳು 2023ರ ಆಗಸ್ಟಿನಿಂದ ಹೇಗಿದ್ದರೂ ಇ-ಇನ್‌ವಾಯ್ಸ್ ವ್ಯವಸ್ಥೆಗೆ ಒಳಪಟ್ಟಿವೆ.

ಕಾಫಿಯವರಿಗೆ ಒಂದು ಮಾತು

ಕಾಫಿ ಬೆಳೆಗಾರರು ಕಾಗದಪತ್ರಕ್ಕೆ ಹೊಸಬರಲ್ಲ. 1940ರ ದಶಕದಿಂದ 1996ರವರೆಗೆ ಪೂಲ್ ಪದ್ಧತಿ ಇದ್ದಾಗ ಕಾಫಿ ಮಂಡಳಿಗೆ ಒಪ್ಪಿಸಿದ ಮಾಲಿಗೆ ಪಾಯಿಂಟುಗಳ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಬರುತ್ತಿತ್ತು. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಫಸಲೇ ಕೈಗೆ ಬಂದಿರುತ್ತಿತ್ತು. ಆ ರಶೀದಿಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಕಾದಿಟ್ಟ ಮನೆಗಳು ಇನ್ನೂ ಇವೆ.

ಈಗ ಕಾಗದ ಬೇರೆ ರೂಪದಲ್ಲಿ ಬರುತ್ತಿದೆ. ಕಾಫಿ ಎಲ್ಲಿಂದ ಬಂತೆಂದು ಬೀಜದಿಂದ ಬಟ್ಟಲಿನವರೆಗೆ ಗುರುತಿಸಲು ಕಾಫಿ ಮಂಡಳಿ 2019ರ ಮಾರ್ಚಿನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರಾಟ ವೇದಿಕೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಯೂರೋಪಿನ ಒಕ್ಕೂಟ 2023ರಲ್ಲಿ ಹೊರಡಿಸಿದ ಅರಣ್ಯನಾಶ ತಡೆ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಇದಕ್ಕಾಗಿ ತೋಟದ ಅಕ್ಷಾಂಶ ರೇಖಾಂಶ ಬೇಕು. ನಾಲ್ಕು ಹೆಕ್ಟೇರಿಗಿಂತ ಹೆಚ್ಚಿನ ತಾಕಿಗೆ ಗಡಿಯ ಸುತ್ತಳತೆಯ ಗುರುತೇ ಬೇಕು, ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ಜಾರಿಯ ದಿನ ಎರಡು ಸಲ ಮುಂದೆ ಹೋಗಿದೆ. ಹಾಗೆಂದು ಸುಮ್ಮನೆ ಕೂರುವಂತಿಲ್ಲ. ಎರಡು ಎಕರೆಯ ಬೆಳೆಗಾರನ ಚೆರಿ ಹತ್ತು ಜನರ ಚೆರಿಯೊಡನೆ ಒಂದೇ ರಾಶಿಯಾದ ಮೇಲೆ ಯಾವುದು ಯಾರದೆಂದು ಹೇಳಲು ಲಾಟ್ ಸಂಖ್ಯೆಯೊಂದೇ ದಾರಿ. ಆ ಕೆಲಸವನ್ನು ಒಬ್ಬೊಬ್ಬ ಸಣ್ಣ ಬೆಳೆಗಾರ ಮಾಡಲಾರ, ಅವನ ಸಂಘ ಮಾಡಬಲ್ಲದು.

ಯಂತ್ರಕ್ಕೆ ಆಗದ ಕೆಲಸ

ಯಂತ್ರವನ್ನು ಕಣ್ಣುಮುಚ್ಚಿ ಹೊಗಳುವುದು ನಮ್ಮ ಉದ್ದೇಶವಲ್ಲ. ಪಹಣಿಯ ಅನುಭವ ನಮ್ಮ ಕಣ್ಣ ಮುಂದಿದೆ. ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಶ್ಯಾನುಭೋಗರ, ಗ್ರಾಮ ಲೆಕ್ಕಿಗರ ಬೆನ್ನು ಹತ್ತುವುದು ತಪ್ಪಿತು. ಆದರೆ ಕೈಬರಹದಲ್ಲಿದ್ದ ತಪ್ಪುಗಳೂ ಜೊತೆಗೇ ಏರಿದವು. ಅವನ್ನು ತಿದ್ದಿಸಲು ಜನ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆದರು. ಹೊಲಸು ನೀರನ್ನು ಹೊಸ ಕೊಡಕ್ಕೆ ತುಂಬಿದರೆ ನೀರು ತಿಳಿಯಾಗದು. ಮೊದಲು ಸದಸ್ಯರ ಪಟ್ಟಿ, ಹಳೆಯ ಬಾಕಿ, ದಾಸ್ತಾನು ಮೂರನ್ನೂ ತಿದ್ದಿ ಶುದ್ಧಮಾಡಿಕೊಂಡು ಆಮೇಲೆ ಯಂತ್ರಕ್ಕೆ ಏರಿಸಬೇಕು.

ಯಂತ್ರ ಮನುಷ್ಯನನ್ನು ಪ್ರಾಮಾಣಿಕನನ್ನಾಗಿ ಮಾಡುವುದಿಲ್ಲ ಎಂಬುದೂ ನೆನಪಿರಲಿ. ನಮ್ಮ ಮಂಡ್ಯ ಜಿಲ್ಲೆಯಲ್ಲೇ 2021ರಲ್ಲಿ ಹಾಲಿನ ಟ್ಯಾಂಕರಿನಲ್ಲಿ ಗುಪ್ತ ಕೋಣೆ ಮಾಡಿ ನೀರು ಬೆರೆಸಿದ ಪ್ರಕರಣ ಬಯಲಾಯಿತು. ಹಳ್ಳಿಯಲ್ಲಿ ಹಾಲು ಅಳೆಯಲು ಯಂತ್ರವಿದ್ದರೂ ನಡುವಿನ ದಾರಿಯಲ್ಲಿ ಮೋಸ ನಡೆಯಿತು. ಆದ್ದರಿಂದ ಗೋದಾಮಿನಿಂದ ಹೊರಟ ತೂಕ ಮತ್ತು ಮುಟ್ಟಿದ ಕಡೆಯ ತೂಕ ಎರಡನ್ನೂ ಪ್ರತಿ ಲಾರಿಗೂ ಹೋಲಿಸಲೇಬೇಕು. ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯನ್ನು ವರ್ಷ ವರ್ಷ ಹಾಕಿಸಲೇಬೇಕು. ಸದಸ್ಯರು ಮುದ್ರೆಯನ್ನು ನೋಡಿಯೇ ಚೀಲ ಇಡಲಿ, ಅದಕ್ಕೆ ನಾವು ಬೇಸರಪಡುವುದಿಲ್ಲ.

ಇನ್ನು ನಮ್ಮ ಗುಮಾಸ್ತರ ವಿಚಾರ. ಇಪ್ಪತ್ತು ವರ್ಷಕ್ಕೂ ಮೇಲೆ ಸಂಘದ ಕಿರ್ದಿ ಬರೆದವರು ಅವರು. ಈ ಮಾತು ಶುರುವಾದ ದಿನ ಸಂಜೆ ಎಲ್ಲರೂ ಹೋದ ಮೇಲೆ ಬಂದು, “ಯಂತ್ರ ಬಂದ ಮೇಲೆ ನನ್ನ ಗತಿ ಏನು ಸಾರ್?” ಎಂದು ಕೇಳಿದರು. ಆ ಪ್ರಶ್ನೆಯನ್ನು ಮಂಡಳಿಯ ಮುಂದಿಟ್ಟೆವು. ಯಾರನ್ನೂ ಕೆಲಸದಿಂದ ಬಿಡುವುದಿಲ್ಲವೆಂದು ಮಂಡಳಿ ತೀರ್ಮಾನಿಸಿತು. ಅವರಿಗೆ ಪ್ರತಿ ಊರಿನ ಸದಸ್ಯರ ಮುಖ, ತೋಟ, ಮಾಲಿನ ಗುಣ ಗೊತ್ತು. ಮಾರ್ಚಿನಲ್ಲಿ ರಾತ್ರಿ ಹನ್ನೊಂದರವರೆಗೆ ಕೂಡಿಸಿ ಕಳೆಯುವುದಕ್ಕಿಂತ ದರ್ಜೆಯ ಮೇಲ್ವಿಚಾರಣೆಯಲ್ಲಿ, ಬಾಕಿಯ ವಸೂಲಿಯಲ್ಲಿ ಅವರ ಅನುಭವ ಸಂಘಕ್ಕೆ ಹೆಚ್ಚು ಬೇಕು. ಖರ್ಚು ಉಳಿಸುವುದೆಂದರೆ ಮನುಷ್ಯರನ್ನು ಉಳಿಸದಿರುವುದು ಎಂಬ ಅರ್ಥವನ್ನು ಸಹಕಾರ ಸಂಘ ಒಪ್ಪಕೂಡದು.

ನಮ್ಮಿಂದ ಆಗುವುದು

ಎಲ್ಲವನ್ನೂ ಒಂದೇ ವರ್ಷ ಮಾಡಹೊರಟ ಸಂಘಗಳು ಕೈಸುಟ್ಟುಕೊಂಡಿವೆ. ಆದುದರಿಂದ ಹಂತ ಹಂತವಾಗಿ ಹೋಗುವುದು ಲೇಸು.

ಮೊದಲನೆಯದಾಗಿ ಪ್ರತಿ ಸದಸ್ಯರಿಗೂ ಬದಲಾಗದ ಒಂದು ಸಂಖ್ಯೆ. ಚೀಲದ ಮೇಲೂ, ಚೀಟಿಯ ಮೇಲೂ, ಸ್ಯಾಂಪಲ್ಲಿನ ಪೊಟ್ಟಣದ ಮೇಲೂ ಅದೇ ಸಂಖ್ಯೆ. ಇದಕ್ಕೆ ಒಂದು ಡಬ್ಬಿ ಬಣ್ಣ, ಒಂದು ಕುಂಚ ಸಾಕು.

ಎರಡನೆಯದಾಗಿ ಗಣಕಯಂತ್ರಕ್ಕೆ ಜೋಡಿಸಿದ ತಕ್ಕಡಿ, ಚೀಟಿ ಮುದ್ರಿಸುವ ಯಂತ್ರ. ಗೋಣಿಚೀಲದ ತೂಕವನ್ನು ಅಂದಾಜಿನಲ್ಲಿ ಕಳೆಯದೆ ಖಾಲಿ ಚೀಲಗಳನ್ನು ತೂಗಿ ಸರಾಸರಿ ಹಿಡಿಯುವುದು. ಒಳಬರುವಾಗಲೇ ತೇವಾಂಶ ದಾಖಲಿಸುವುದು.

ಮೂರನೆಯದಾಗಿ ತೂಕವಾದ ತಕ್ಷಣ ಸದಸ್ಯರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ. ಮೊಬೈಲ್ ಇಲ್ಲದವರಿಗೆ, ಓದುಬಾರದವರಿಗೆ ಚೀಟಿಯನ್ನು ಓದಿ ಹೇಳಿ ಪಾಸ್‌ಬುಕ್ಕಿಗೆ ಅಂಟಿಸಿ ಕೊಡುವುದು.

ನಾಲ್ಕನೆಯದಾಗಿ ದಾಸ್ತಾನು, ಇನ್‌ವಾಯ್ಸ್, ಸಾಗಣೆ ಪತ್ರ, ಬ್ಯಾಂಕಿನ ಯಾದಿ ಒಂದೇ ದಾಖಲೆಯಿಂದ ಹೊರಡುವಂತೆ ಮಾಡುವುದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಾಗಿ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಗಣಕೀಕರಣ ಯೋಜನೆಗೆ ಒಪ್ಪಿಗೆ ಕೊಟ್ಟು 63,000 ಸಂಘಗಳ ಗುರಿ ಇಟ್ಟಿತು. ನಮ್ಮ ಸದಸ್ಯರಲ್ಲಿ ಬಹುಮಂದಿ ತಮ್ಮ ಊರಿನ ಅಂಥ ಸಂಘದ ಸದಸ್ಯರೂ ಹೌದು. ಅಲ್ಲಿನ ಒಳಿತು ಕೆಡುಕುಗಳನ್ನು ನೋಡಿ ನಮಗೆ ತಿಳಿಸಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಪೂರ್ತಿ ಸುಗ್ಗಿ ಹಳೆಯ ವಹಿ, ಹೊಸ ಯಂತ್ರ ಎರಡೂ ಒಟ್ಟಿಗೆ ನಡೆಯಲಿ. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡಿ, ಸರಿಹೋದ ಮೇಲೆ ಮಾತ್ರ ವಹಿಯನ್ನು ಮುಚ್ಚೋಣ. ಪ್ರತಿ ಸಂಜೆ ದಾಖಲೆಯ ಪ್ರತಿಯೊಂದನ್ನು ಕಚೇರಿಯ ಹೊರಗೆ ಬೇರೆ ಕಡೆ ಇಡೋಣ. ಕರೆಂಟು ಹೋದ ದಿನಕ್ಕೆಂದು ಕಾರ್ಬನ್ ಚೀಟಿಯ ಪುಸ್ತಕವೊಂದು ಮೇಜಿನ ಒಳಗಿರಲಿ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅವರ ಬಳಿ ಇದ್ದುದು ಒಂದಿಷ್ಟು ಜನರ ನಂಬಿಕೆ. 1973ರಲ್ಲಿ ಅಡಿಕೆಯ ಬೆಲೆ ಕುಸಿತದಿಂದ ಕಂಗೆಟ್ಟ ಬೆಳೆಗಾರರನ್ನು ಕೂಡಿಸಿ ವಾರಣಾಶಿ ಸುಬ್ರಾಯ ಭಟ್ಟರು ಕ್ಯಾಂಪ್ಕೊ ಕಟ್ಟಿದ್ದೂ ಅದೇ ಬಂಡವಾಳದ ಮೇಲೆ. ನಾವು ಕೊಳ್ಳಲಿರುವ ತಕ್ಕಡಿ, ಗಣಕಯಂತ್ರಗಳು ಆ ನಂಬಿಕೆಯನ್ನು ಕಾಯುವ ಬೇಲಿ ಮಾತ್ರ.

ಸದಸ್ಯರೆಲ್ಲರೂ ಸುಗ್ಗಿಗೆ ಮುಂಚೆ ಪಹಣಿಯ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ಸಂಖ್ಯೆಗಳೊಡನೆ ಕಚೇರಿಗೆ ಬಂದು ತಮ್ಮ ಸದಸ್ಯ ಸಂಖ್ಯೆ ಪಡೆದು, ಹಳೆಯ ಖಾತೆಯನ್ನು ಎದುರಿಗೇ ಓದಿಸಿ ನೋಡಿಕೊಳ್ಳಬೇಕೆಂದು ಕೋರುತ್ತೇವೆ. ತಪ್ಪು ಕಂಡರೆ ಸಂಕೋಚವಿಲ್ಲದೆ ಹೇಳಿ. ನಿಮಗೇ ಲೆಕ್ಕ ತಪ್ಪಿರಬೇಕೆಂಬ ಮಾತನ್ನು ಇನ್ನು ನಾವು ಯಾರಿಗೂ ಹೇಳುವುದಿಲ್ಲ.

ಏಳು ಚೀಲ ತಂದಿದ್ದ ಆ ಹಿರಿಯರ ಮಗ ಕಳೆದ ವಾರ ಬಂದು ಸಂಖ್ಯೆ ಬರೆಸಿಕೊಂಡು ಹೋದರು. ಹಿರಿಯರು ಇನ್ನೂ ಬಂದಿಲ್ಲ. ಅವರ ಹಾದಿ ನೋಡುತ್ತಿದ್ದೇವೆ.

— ಕಾರ್ಯದರ್ಶಿ